ಅರೆ ಉಪ್ಪಿನ ಗಂಜಿ

ಆ ದಿನ ಬೆಳಿಗ್ಗೆ ಬಸದಿಗೆ ಹೋಗಿ ಸ್ವಾಮಿಯ ದರ್ಶನ ಮಾಡಿಕೊಂಡು ಬಂದು, ಎಂದಿನಂತೆ ಉಪ್ಪು ಹಾಕದ ರಾಗಿ ಗಂಜಿಯನ್ನು ಮುಂದಿಟ್ಟುಕೊಂಡು ಕುಳಿತೆ. ಮೊದಲ ಗುಟುಕಿಗೇ ನಾಲಿಗೆಗೆ ಉಪ್ಪು ತಗುಲಿತು. ಲೋಟವನ್ನು ಕೆಳಗಿಟ್ಟೆ. ದೊಡ್ಡೂರಿನ ಆಸ್ಪತ್ರೆಯಲ್ಲಿದ್ದ ನನ್ನ ಓರಗಿತ್ತಿ ಅನಂತಮತಿ ಹೋದಳೆಂದು ನನಗೆ ತಿಳಿಯಿತು. ನನ್ನ ಮಗ ಭರತೇಶ ಪಾತ್ರೆ ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ.

"ಇವತ್ತು ಅಂಗಡಿ ತೆಗೀಬೇಡ ಕಣೋ. ಚಿಕ್ಕಮ್ಮನ ಉಪ್ಪು ಬಂತು" ಎಂದೆ.

ಅವನು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಡಾಕ್ಟರ್ ಸೋಮನಾಥರು ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದರು. "ಗೊತ್ತಾಯ್ತು ಡಾಕ್ಟ್ರೇ, ಅಮ್ಮನಿಗೆ ಉಪ್ಪು ಬಂತಂತೆ" ಎಂದು ಭರತೇಶನೇ ಅವರಿಗೆ ಸಮಾಧಾನ ಹೇಳಿದ.

ಗಳಿಗೆಯೊಳಗೆ ಬೀದಿಯವರೆಲ್ಲ ಬಂದರು. ಎದುರುಮನೆಯ ಪುಟ್ಟತಾಯಮ್ಮ ನನ್ನ ಪಕ್ಕದಲ್ಲಿ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡು, ನಮ್ಮೂರಿನಲ್ಲಿ ಎಲ್ಲರೂ ಕೇಳುವ ಮಾತನ್ನು ಕೇಳಿದಳು. "ಪೂರಾ ಬಂತಾ ಅಕ್ಕಯ್ಯ?"

ನಾನು ಉಳಿದ ಗಂಜಿಯನ್ನು ಇನ್ನೊಮ್ಮೆ ಬಾಯಿಗೆ ಹಾಕಿ ನೋಡಿದೆ. "ಇಲ್ಲ ಕಣೇ. ಅರ್ಧ ಬಂದ ಹಾಗಿದೆ."

"ಅರ್ಧವಾ? ಅದ್ಯಾಕೆ ಅರ್ಧ? ಸಾವು ಅರ್ಧ ಬರುತ್ತಾ?" ಎಂದು ಅವಳು ಅಳುವುದನ್ನು ಅಲ್ಲಿಗೇ ನಿಲ್ಲಿಸಿದಳು.

ಹೊರಗಿನವರಿಗೆ ನಮ್ಮೂರಿನ ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಒಬ್ಬರ ಪಥ್ಯವನ್ನು ಇನ್ನೊಬ್ಬರು ಹಿಡಿಯಬಹುದು. ರೋಗಿ ಬಾಯಿಬಿಟ್ಟು ಕೇಳಬೇಕು, ಹಿಡಿಯುವವರು ಬಾಯಿಬಿಟ್ಟು ಒಪ್ಪಬೇಕು, ಅಷ್ಟೇ. ಸಕ್ಕರೆ ಕಾಯಿಲೆಯ ಪೋಸ್ಟ್ ಮಾಸ್ತರರು ದಿನಕ್ಕೊಂದು ಜಹಾಂಗೀರು ತಿಂದು ಗುಂಡುಕಲ್ಲಿನ ಹಾಗಿದ್ದಾರೆ. ಅವರ ಬದಲು ಕ್ಷೌರದ ನಂಜಪ್ಪ ಸಪ್ಪೆ ಟೀ ಕುಡಿಯುತ್ತಾನೆ. ಹಿಟ್ಟಿನ ಗಿರಣಿಯ ಚಂದ್ರಪ್ಪನ ಲಿವರ್ ಪಥ್ಯವನ್ನು ಟೈಲರ್ ಖಾದರ್ ಸಾಹೇಬರು ಹಿಡಿದಿದ್ದರು. ಹೋಟೆಲಿನಲ್ಲಿ ಸಕ್ಕರೆ ಬೇಡವೆಂದರೆ "ನಿಮ್ಮದೋ, ಹಿಡಿದದ್ದೋ?" ಎಂದು ಮಾಣಿ ಕೇಳುತ್ತಾನೆ. ಹಿಡಿದದ್ದಾದರೆ ಒಂದು ಲೋಟ ಬಿಸಿನೀರನ್ನು ಮರ್ಯಾದೆಗೆಂದು ಜೊತೆಗಿಡುತ್ತಾನೆ. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವುದಕ್ಕೆ ಮೊದಲು, ಯಾರ ಪಥ್ಯವನ್ನಾದರೂ ಹಿಡಿದಿದ್ದಾನೆಯೇ ಎಂದು ವಿಚಾರಿಸುತ್ತಾರೆ. ರೋಗಿ ಗುಣವಾದರೆ ತಾನೇ ಬಂದು ಹಿಡಿದವರ ನಾಲಿಗೆಗೆ ಉಪ್ಪನ್ನೋ ಸಕ್ಕರೆಯನ್ನೋ ಇಟ್ಟು ಬಿಡಿಸುತ್ತಾನೆ. ಗುಣವಾಗದೆ ತೀರಿಹೋದರೆ ಹಿಡಿದವರ ಸಪ್ಪೆ ಊಟಕ್ಕೆ ಆ ರುಚಿ ತಾನಾಗಿ ಬರುತ್ತದೆ. ಅವರವರ ಕರ್ಮ ಅವರವರಿಗೆ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಆದರೆ ಕರ್ಮದ ಮಾತು ಬೇರೆ, ಉಪ್ಪಿನ ಮಾತು ಬೇರೆ ಎಂದು ಹಿರಿಯರು ಬಹಳ ಹಿಂದೆಯೇ ತೀರ್ಮಾನಿಸಿದ್ದರಂತೆ.

ಅನಂತಮತಿ ನನ್ನ ಮೈದುನನ ಹೆಂಡತಿ. ನನಗಿಂತ ಚಿಕ್ಕವಳು, ನನಗಿಂತ ಬಾಯಾಳಿ. ಅವಳ ಕೈಯೇ ಉಪ್ಪಿನ ಕೈ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮಾಡಿದ ಸಾರನ್ನು ಉಂಡು ನಮ್ಮ ಅತ್ತೆ, "ಸಮುದ್ರ ತವರಿನಿಂದ ತಂದೆಯೇನೇ?" ಎಂದಿದ್ದರು. "ಇಲ್ಲ ಅತ್ತೆ, ತವರಿನ ನೆನಪಾಗಿ ಅತ್ತುಕೊಂಡು ಸಾರು ಮಾಡಿದೆ" ಎಂದು ಇವಳು ಉತ್ತರ ಕೊಟ್ಟಳು. ಅಂದಿನಿಂದ ಅವಳನ್ನು ಯಾರೂ ಮಾತಿನಲ್ಲಿ ಗೆದ್ದವರಿಲ್ಲ. ಗಂಡಂದಿರಿಬ್ಬರೂ ಹೋದ ಮೇಲೆ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿಕೊಂಡು ಬೇಯಿಸುತ್ತಿದ್ದೆವು. ಎರಡು ಒಲೆಗೆ ಅವಳ ಉಪ್ಪೇ ಕಾರಣ. ಅವಳಿಗೆ ಮಕ್ಕಳಿರಲಿಲ್ಲ. ನನ್ನ ಮಗ ಉಪ್ಪಿನ ರುಚಿಗೆ ಬಿದ್ದು ಅವಳ ಒಲೆಯ ಕಡೆಗೇ ಬೆಳೆದ.

ಅವಳಿಗೆ ಯಕೃತ್ತಿನ ಕಾಯಿಲೆ ಬಂದಾಗ ಊರಿಗೆಲ್ಲ ಸೋಜಿಗ. ಹೊಟ್ಟೆಯಲ್ಲಿ ನೀರು ತುಂಬಿ ಕಾಲು ಬಾತುಕೊಂಡಿತ್ತು. "ಲಿವರ್ ಕಾಯಿಲೆ ಕುಡಿಯೋರಿಗೆ ಬರೋದಲ್ವೇನ್ರಿ?" ಎಂದು ಪುಟ್ಟತಾಯಮ್ಮ ಕೇಳಿಯೇಬಿಟ್ಟಳು. "ಸೋಸದೆ ನೀರನ್ನೇ ಕುಡಿದೋಳಲ್ಲ ನಾನು. ಈ ಲಿವರ್‌ಗೆ ಹೇಳೋರು ಯಾರು?" ಎಂದಳು ಅನಂತಮತಿ. ಕುಡಿಯದಿದ್ದರೂ ಕೆಲವರಿಗೆ ಬರುತ್ತದೆ ಎಂದರು ಡಾಕ್ಟರು. ಉಪ್ಪು ಪೂರ್ತಿ ಬಿಡಬೇಕು ಎಂದೂ ಹೇಳಿದರು.

ಅವತ್ತು ಅವಳು ನನ್ನ ಒಲೆಯ ಬಳಿ ಬಂದು ಸುಮ್ಮನೆ ನಿಂತಳು. ಸುಮ್ಮನಿರುವುದು ಅವಳ ಜಾಯಮಾನವಲ್ಲ.

"ಏನೇ?" ಎಂದೆ.

"ಅಕ್ಕ, ನನ್ನ ಸಪ್ಪೆ ನೀನು ಹಿಡೀತೀಯಾ?"

"ಹಿಡೀತೀನಿ. ನಿನ್ನ ಸಾರು ಇಷ್ಟು ವರ್ಷ ತಿಂದಿದ್ದೀನಿ. ಈ ಜನ್ಮಕ್ಕಾಗುವಷ್ಟು ಉಪ್ಪು ಒಳಗೆ ಸ್ಟಾಕ್ ಇದೆ."

ಅವಳು ನಕ್ಕಳು, ನಗುತ್ತಲೇ ಅತ್ತಳು. ಮಾರನೆಯ ದಿನದಿಂದ ನಾನು ಸಪ್ಪೆ ಉಂಡೆ, ಅವಳು ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿಯನ್ನು ಕರಿದುಕೊಂಡು ಮೊಸರನ್ನ ಉಂಡಳು. ಅವಳ ಕಾಲಿನ ಬಾವು ಇಳಿಯಿತು. ಕಾಯಿಲೆ ಮಾತ್ರ ಹೋಗಲಿಲ್ಲ. ನಮ್ಮೂರಿನಲ್ಲಿ ಹಂಚಿಕೊಳ್ಳಬಹುದಾದದ್ದು ಪಥ್ಯವನ್ನು, ಕಾಯಿಲೆಯನ್ನಲ್ಲ.

ಆ ಕಾಲಕ್ಕೆ ದೊಡ್ಡೂರಿನ ಆಸ್ಪತ್ರೆಗೆ ಹೊಸ ಚಿಕಿತ್ಸೆಯ ಸಂಶೋಧನೆ ಬಂತು. ಸೋಮನಾಥರು ನಮ್ಮೂರಿಗೇ ಬಂದು ಲಿವರ್ ರೋಗಿಗಳನ್ನೆಲ್ಲ ಶಾಲೆಯ ಅಂಗಳದಲ್ಲಿ ಕೂಡಿಸಿ ವಿವರಿಸಿದರು. ರೋಗಿಯ ಮೂಳೆಯೊಳಗಿನ ಮಜ್ಜೆಯಿಂದ ಕಾಂಡಕೋಶ ಎಂಬ ಎಳೆಯ ಜೀವಕಣಗಳನ್ನು ತೆಗೆಯುವುದು; ಜಪಾನಿಗೆ ಕಳಿಸಿ ಅಲ್ಲಿ ಬೆಳೆಸುವುದು; ತಂದು ಅದೇ ರೋಗಿಯ ಯಕೃತ್ತಿಗೆ ಸೇರಿಸುವುದು. ಹಾಲೆಂಡ್ ದೇಶದವರು ಲೆಕ್ಕ ಹಾಕಿ ಫಲ ಎಷ್ಟೆಂದು ಹೇಳುವುದು.

"ಅಂದ್ರೆ ನಮ್ಮನೆ ಹೆಪ್ಪು ತಗೊಂಡು ಹೋಗಿ ಅಲ್ಲಿ ಮೊಸರು ಮಾಡಿ ತಂದು ನಮಗೇ ಬಡಿಸ್ತೀರಿ" ಎಂದಳು ಅನಂತಮತಿ. "ಒಂದು ಹೊಟ್ಟೆಗೆ ಮೂರು ದೇಶ! ನನ್ನ ಮದುವೆಗೂ ಇಷ್ಟು ಜನ ಸೇರಿರಲಿಲ್ಲ."

ಅಂದಿನಿಂದ ಊರಿನವರಿಗೆ ಅದು ಹೆಪ್ಪು ಎಂದೇ ಆಯಿತು. ಸೋಮನಾಥರೂ ಕೊನೆಗೆ ಹಾಗೆಯೇ ಹೇಳತೊಡಗಿದರು.

ಒಂದು ತೊಡಕಿತ್ತು. ರೋಗಿಗಳಲ್ಲಿ ಅರ್ಧ ಜನಕ್ಕೆ ಮಾತ್ರ ಹೆಪ್ಪು ಹಾಕುವುದು, ಉಳಿದವರಿಗೆ ಬರೀ ಮಾತ್ರೆ ಮತ್ತು ಪಥ್ಯ. ಎರಡು ಗುಂಪನ್ನೂ ಹೋಲಿಸಿ ನೋಡಿದರಷ್ಟೇ ಹೆಪ್ಪಿನ ಗುಣ ತಿಳಿಯುವುದು. ಯಾರು ಯಾವ ಗುಂಪೆಂದು ಕಂಪ್ಯೂಟರು ಚೀಟಿ ಎತ್ತಿತು. ಗಿರಣಿ ಚಂದ್ರಪ್ಪನಿಗೆ ಹೆಪ್ಪು ಬಂತು. ಅನಂತಮತಿಗೆ ಬರಲಿಲ್ಲ. "ಪಥ್ಯ ತಪ್ಪದೆ ನಡೆಯುತ್ತದಲ್ಲವೇ?" ಎಂದು ಡಾಕ್ಟರು ಕೇಳಿದ್ದಕ್ಕೆ ಎಲ್ಲರೂ ಒಂದೇ ದನಿಯಲ್ಲಿ "ತಪ್ಪದೆ ನಡೆಯುತ್ತೆ" ಎಂದರು. ಅದು ನಿಜವೇ. ಯಾರ ಬಾಯಲ್ಲಿ ನಡೆಯುತ್ತದೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಲೋಕದಲ್ಲೆಲ್ಲ ಹೀಗೆಯೇ ಇರುತ್ತದೆ ಎಂದು ನಾವು ತಿಳಿದಿದ್ದೆವು.

ಆಮೇಲೆ ಊರು ತನ್ನ ಒಳ್ಳೆಯತನವನ್ನು ತೋರಿಸಹೊರಟಿತು. ಹೆಪ್ಪು ಸಿಕ್ಕವರಿಗೆ ಜಪಾನೇ ಇದೆ, ಇನ್ನು ನಾವೇಕೆ ಎಂದು ಅವರ ಪಥ್ಯ ಹಿಡಿದಿದ್ದವರು ಕೈ ಸಡಿಲಿಸಿದರು. ಖಾದರ್ ಸಾಹೇಬರಂಥ ನಿಷ್ಠರೂ ಮದುವೆಯ ಮನೆಯೊಂದರಲ್ಲಿ ಬಿರಿಯಾನಿಗೆ ಸೋತರು. ಹೆಪ್ಪು ಸಿಗದ ಪಾಪದವರ ಮೇಲೆ ಮಾತ್ರ ಎಲ್ಲರಿಗೂ ಕನಿಕರ ಉಕ್ಕಿತು. ಅನಂತಮತಿಗಾಗಿ ನಾನು ಸಪ್ಪೆ ಉಣ್ಣುತ್ತಿದ್ದೆನಲ್ಲ, ಅದು ಸಾಲದೆಂದು, ಅವಳಿಂದ ಬಾಯಿಬಿಟ್ಟು ಕೇಳಿಸಿಕೊಂಡು, ಪುಟ್ಟತಾಯಮ್ಮ ಎಣ್ಣೆ ಬಿಟ್ಟಳು, ಭರತೇಶ ಕಾಫಿ ಬಿಟ್ಟ, ನಂಜಪ್ಪ ಎಲೆಯಡಿಕೆ ಬಿಟ್ಟ. "ಇವರೆಲ್ಲ ಬಿಟ್ಟಿದ್ದನ್ನ ನಾನೊಬ್ಬಳೇ ತಿನ್ನಬೇಕಲ್ಲ ಅಕ್ಕ, ಹೊಟ್ಟೆ ಸಾಲದು" ಎಂದು ಅವಳು ನಗುತ್ತಿದ್ದಳು. ಅವಳ ಮುಖಕ್ಕೆ ಕಳೆ ಬಂತು. ನಾನು ಸ್ವಾಮಿಗೆ ತುಪ್ಪದ ದೀಪ ಹಚ್ಚಿದೆ.

ಹಾಲೆಂಡಿನವರು ಲೆಕ್ಕ ಹಾಕಿ ಬೆಚ್ಚಿಬಿದ್ದರಂತೆ. ಬೇರೆ ಕಡೆಗಳಲ್ಲಿ ಹೆಪ್ಪು ಹಾಕಿದವರು ಚೇತರಿಸಿಕೊಂಡಿದ್ದರೆ, ನಮ್ಮೂರಿನಲ್ಲಿ ಹಾಕದವರೇ ಚೇತರಿಸಿಕೊಂಡಿದ್ದರು. ಹೆಪ್ಪಿನಿಂದ ಗುಣವಿಲ್ಲ, ಕೆಡುಕೇ ಇರಬಹುದು, ಕೆಲಸವನ್ನು ಎಲ್ಲ ಕಡೆಯೂ ನಿಲ್ಲಿಸೋಣವೇ ಎಂಬ ಮಾತು ಹುಟ್ಟಿತು. ಹೆಪ್ಪು ಬೆಳೆಸುವ ಜಪಾನಿನ ಡಾಕ್ಟರ್ ಮಿಯಾಕೆ ಎಂಬಾಕೆ, ನೋಡದೆ ನಿಲ್ಲಿಸುವುದು ಬೇಡವೆಂದು ಹಟ ಹಿಡಿದು ಸೋಮನಾಥರ ಜೊತೆ ನಮ್ಮ ಮನೆಗೇ ಬಂದರು.

ಅವರು ಬಾಗಿಲಿಗೆ ಬಂದಾಗ ನಮ್ಮ ಊಟದ ಹೊತ್ತು. ಅನಂತಮತಿಯ ತಟ್ಟೆಯಲ್ಲಿ ಬಾಳಕದ ಮೆಣಸಿನಕಾಯಿಯ ಗುಡ್ಡೆ. ಮಿಯಾಕೆ ಕೂಗಿಕೊಳ್ಳಲಿಲ್ಲ, ಬಹಳ ಸೌಮ್ಯ ಹೆಂಗಸು. ಒಂದು ಮೆಣಸಿನಕಾಯಿಯನ್ನು ಎತ್ತಿ ನಾಲಿಗೆಗೆ ತಾಗಿಸಿದರು. ಕಣ್ಣಲ್ಲಿ ನೀರು ಬಂತು. ಸೋಮನಾಥರ ಮುಖ ಬಿಳಿಚಿಕೊಂಡಿತು.

"ಏನಮ್ಮಾ ಇದು? ಪಥ್ಯ ಅಂದಿರಲ್ಲ!"

"ಪಥ್ಯ ಇದೆಯಲ್ಲ. ಅಗೋ, ಅಕ್ಕನ ತಟ್ಟೇಲಿದೆ ನೋಡಿ" ಎಂದಳು ಅನಂತಮತಿ.

ನಮ್ಮ ಪದ್ಧತಿಯನ್ನು ಬಿಡಿಸಿ ಹೇಳಿದರೂ ಅವರು ನಂಬಲಿಲ್ಲ. ಕೊನೆಗೆ ಅವಳೇ, "ಅಕ್ಕ, ಒಂದು ಚಿಟಿಕೆ ಉಪ್ಪು ಬಾಯಿಗೆ ಹಾಕ್ಕೋ. ಇವರ ಸಂಶಯ ತೀರಲಿ" ಎಂದಳು. ನಾನು ಬೇಡವೆಂದೆ, ಅವಳು ಬಿಡಲಿಲ್ಲ. ನಾನು ಚಿಟಿಕೆ ಉಪ್ಪು ನೆಕ್ಕಿದೆ. ಅವಳಿಗೆ ಅಂದು ಮಿಯಾಕೆಯೇ ಎದುರಿಗೆ ಕುಳಿತು ಸಪ್ಪೆ ಉಣಿಸಿದರು. ಮಾರನೆಯ ಬೆಳಿಗ್ಗೆ ಮಿಯಾಕೆ ಅವಳ ಪಾದದ ಮೇಲೆ ಹೆಬ್ಬೆಟ್ಟನ್ನು ಒತ್ತಿ ತೆಗೆದಾಗ ಬಾವು ಮರಳಿ ಬಂದು ಅಲ್ಲಿ ಗುಳಿ ಹಾಗೆಯೇ ನಿಂತಿತು. ಅವರು ಆ ಗುಳಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು.

ನಿಜ ತಿಳಿದ ಮೇಲೆ ಕಷ್ಟ ಶುರುವಾಯಿತು. ಹೆಪ್ಪಿನ ಫಲವನ್ನು ನ್ಯಾಯವಾಗಿ ತೂಗಬೇಕಾದರೆ ಪ್ರತಿ ರೋಗಿಯೂ ತನ್ನ ಪಥ್ಯವನ್ನು ತಾನೇ ಹಿಡಿಯಬೇಕು, ಬೇರೆ ಯಾರೂ ಏನನ್ನೂ ಬಿಡಕೂಡದು. ಇಲ್ಲದಿದ್ದರೆ ನಮ್ಮೂರಿನ ಲೆಕ್ಕ ಎಲ್ಲರ ಲೆಕ್ಕವನ್ನೂ ಕೆಡಿಸುತ್ತದೆ. ಸೋಮನಾಥರು ಇದನ್ನು ಹೇಳಿ, "ಒತ್ತಾಯವಿಲ್ಲಮ್ಮ. ನಿಮಗೆ ಹೆಪ್ಪು ಬೇರೆ ಹಾಕಿಲ್ಲ. ಇಷ್ಟು ಜನರ ಆಸರೆ ಒಮ್ಮೆಲೇ ತಪ್ಪಿದರೆ ದೇಹಕ್ಕೆ ಏನಾಗುತ್ತೋ ನಾನು ಹೇಳಲಾರೆ" ಎಂದು ತಲೆ ತಗ್ಗಿಸಿದರು.

"ಬೇಡವೇ ಬೇಡ" ಎಂದೆ ನಾನು.

ಅನಂತಮತಿ ನನ್ನನ್ನು ನೋಡಲಿಲ್ಲ. "ಡಾಕ್ಟ್ರೇ, ಈ ಕೆಲಸ ನಿಂತುಹೋದ್ರೆ ಬೇರೆ ಊರಿನ ಲಿವರ್‌ನೋರ ಗತಿ ಏನು? ಅವರಿಗೆ ಪಥ್ಯ ಹಿಡಿಯೋ ಅಕ್ಕ ಇರ್ತಾಳಾ?"

"ಇರಲ್ಲಮ್ಮ. ಅವರ ಪಥ್ಯ ಅವರೇ ಹಿಡೀಬೇಕು."

"ಅಯ್ಯೋ, ಪಾಪ! ನಾವು ಉಪಕಾರ ಮಾಡೋಕೆ ಹೋಗಿ ಅವರ ಬಾಯಿಂದ ಔಷಧಿ ಕಿತ್ಕೊಂಡ್ವಲ್ಲ" ಎಂದು ಎದ್ದುಹೋಗಿ ಮರದ ಬಟ್ಟಲಿನಂಥ ಉಪ್ಪಿನ ಮರಿಗೆಯನ್ನು ತಂದಳು. ಚಿಟಿಕೆ ಉಪ್ಪು ತೆಗೆದು ನನ್ನ ಬಾಯಿಗೆ ಹಿಡಿದಳು. ಗುಣವಾದವರು ಮಾಡುವ ಶಾಸ್ತ್ರವನ್ನು ಗುಣವಾಗದೆ ಮಾಡುತ್ತಿದ್ದಾಳಲ್ಲ ಎಂದು ನಾನು ತುಟಿ ಬಿಗಿಹಿಡಿದೆ. ಅವಳು ಮಗುವಿಗೆ ಮಾಡುವಂತೆ ನನ್ನ ಕೆನ್ನೆ ಹಿಂಡಿ ಬಾಯಿ ಬಿಡಿಸಿ ಉಪ್ಪಿಟ್ಟಳು. "ಇವತ್ತಿಂದ ನನ್ನ ಸಪ್ಪೆ ನನಗೆ ಅಕ್ಕ" ಎಂದಳು. ಆ ವಾರ ಊರಿನ ಲಿವರ್ ರೋಗಿಗಳೆಲ್ಲ ತಮ್ಮ ತಮ್ಮ ಪಥ್ಯವನ್ನು ಬಿಡಿಸಿಕೊಂಡರು.

ಒಂದು ಮಳೆಗಾಲ, ಒಂದು ಚಳಿಗಾಲ ಅವಳು ಸಪ್ಪೆ ಉಂಡಳು. ಗೊಣಗದೆ ಉಂಡಳೆಂದು ಹೇಳಿದರೆ ಸುಳ್ಳಾದೀತು. "ಅಕ್ಕ, ಉಪ್ಪಿನ ಮರಿಗೆ ಮುಚ್ಚಳ ತೆಗೆದು ಎದುರಿಗಿಡು. ನೋಡ್ಕೊಂಡಾದ್ರೂ ಉಣ್ತೀನಿ" ಎನ್ನುವಳು. "ಈ ಜಪಾನಿನಮ್ಮ ಇನ್ನೊಂದು ಸಲ ಬರಲಿ, ಸಪ್ಪೆ ಉಪ್ಪಿಟ್ಟು ಮಾಡಿ ಬಡಿಸ್ತೀನಿ" ಎನ್ನುವಳು. ಆದರೆ ಒಂದು ಹರಳನ್ನೂ ಬಾಯಿಗೆ ಹಾಕಲಿಲ್ಲ. ಅವಳು ಸೊರಗುವುದನ್ನು ನೋಡುತ್ತ ನಾನು ಉಪ್ಪಿನ ಊಟ ಮಾಡಬೇಕಾಯಿತು. ಅಂಥ ಸಪ್ಪೆ ಊಟವನ್ನು ನಾನು ಜನ್ಮದಲ್ಲಿ ಉಂಡಿಲ್ಲ.

ಲೆಕ್ಕ ಈ ಸಲ ನೇರವಾಗಿ ಬಂತು. ಹೆಪ್ಪು ಹಾಕಿದವರು ಎಲ್ಲ ದೇಶಗಳಲ್ಲೂ ಚೇತರಿಸಿಕೊಂಡಿದ್ದರು, ನಮ್ಮ ಚಂದ್ರಪ್ಪನೂ ಸೇರಿ. ಉಳಿದವರಿಗೂ ಹಾಕಬಹುದೆಂದು ಒಪ್ಪಿಗೆಯಾಯಿತು. ಅನಂತಮತಿಯ ಮಜ್ಜೆಯನ್ನು ತೆಗೆದು ಜಪಾನಿಗೆ ಕಳಿಸಿ, ಅವಳನ್ನು ದೊಡ್ಡೂರಿನ ಆಸ್ಪತ್ರೆಯಲ್ಲಿ ಮಲಗಿಸಿದರು. ಮಂಚದ ಮೇಲಿಂದ ನನ್ನ ಕೈ ಹಿಡಿದು, "ಅಕ್ಕ, ಲೆಕ್ಕ ಮುಗೀತಲ್ಲ, ಈಗ ಹಿಡೀತೀಯಾ?" ಎಂದಳು. "ಹಿಡಿದೆ" ಎಂದೆ. ಆದರೆ ಕಾಯಿಲೆಯ ಮೈಯ ಹೆಪ್ಪು ಬಹಳ ನಿಧಾನವಾಗಿ ಬೆಳೆಯುತ್ತದಂತೆ. ಅದು ಬೆಳೆದು ಬರುವ ಮೊದಲೇ ಹೊಟ್ಟೆಯ ನೀರಿಗೆ ನಂಜೇರಿ ಅವಳು ಹೋದಳು. ಆ ಬೆಳಿಗ್ಗೆಯೇ ನನಗೆ ಉಪ್ಪು ಬಂದದ್ದು, ಅದೂ ಅರ್ಧ.

ಸಂಸ್ಕಾರವೆಲ್ಲ ಮುಗಿದರೂ ಗಂಜಿ ಅರೆ ಉಪ್ಪಿನಲ್ಲೇ ನಿಂತಿತು. ಇವಳು ಎಲ್ಲಿ ತಡೆದು ನಿಂತಿದ್ದಾಳೆ, ಯಾವ ಆಸೆ ಹಿಡಿದೆಳೆಯುತ್ತಿದೆ ಎಂದು ನನಗೆ ದಿಗಿಲು. ಸೂತಕ ಕಳೆದ ಮೇಲೆ ಬಸದಿಗೆ ಹೋಗಿ ಪಂಡಿತರನ್ನು ಕೇಳಿದೆ.

"ಆತ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಟುಬಿಡುತ್ತೆ ತಾಯಿ. ಅರ್ಧ ಹೋಗಿ ನಿಂತ್ಕೊಳ್ಳೋಕೆ ಅದೇನು ಬಸ್ಸೇ, ಕಂಡಕ್ಟರ್ ಸೀಟಿ ಹೊಡೆಯೋಕೆ?" ಎಂದರು ಅವರು. ಶಾಸ್ತ್ರ ಸರಿ. ನನ್ನ ನಾಲಿಗೆಯೂ ಸುಳ್ಳು ಹೇಳುವುದಲ್ಲ. ಮನಸ್ಸು ತುಂಬಿ ಅಳುವುದಕ್ಕೂ ಆಗದೆ, ಸುಮ್ಮನಿರುವುದಕ್ಕೂ ಆಗದೆ ದಿನ ಕಳೆದೆ.

ಒಂದು ಮಧ್ಯಾಹ್ನ ಸೋಮನಾಥರು ಬಂದು ಜಗಲಿಯ ಮೇಲೆ ಕುಳಿತರು. ಕೈಯಲ್ಲಿದ್ದ ಫೋನಿನಲ್ಲಿ ಮಿಯಾಕೆ ಇದ್ದರು.

"ಅಮ್ಮ, ನಿಮ್ಮನ್ನು ಒಂದು ಮಾತು ಕೇಳಬೇಕು. ಅನಂತಮತಿಯವರ ಹೆಪ್ಪು ಅಲ್ಲಿ ಇನ್ನೂ ಬದುಕಿದೆ."

"ಎಲ್ಲಿ?"

"ಜಪಾನಿನಲ್ಲಿ. ಗಾಜಿನ ತಟ್ಟೆಯಲ್ಲಿ."

ನನಗೆ ನಗು ಬಂದುಬಿಟ್ಟಿತು. "ಸಿಕ್ಕಿಬಿದ್ದಳು ಕಳ್ಳಿ! ಉಪ್ಪು ಅರ್ಧ ಇಟ್ಕೊಂಡು ಅಲ್ಲಿ ಹೋಗಿ ಕೂತಿದ್ದಾಳೆ ನೋಡಿ!" ಎಂದೆ. ನಗುತ್ತಿದ್ದಂತೆಯೇ ಅಳು ಬಂತು. ಸೋಮನಾಥರು ಫೋನನ್ನು ಕಿವಿಗೆ ಹಿಡಿದು ಅಷ್ಟನ್ನೂ ಹೇಳಿದರು.

ಆಮೇಲೆ ವಿಷಯ ತಿಳಿಯಿತು. ನಾನು ಸಾಕೆಂದರೆ ಅವರು ಅಂದೇ ಅದನ್ನು ಬಿಟ್ಟುಬಿಡುವರು. ನನಗೆ ಉಪ್ಪು ಪೂರ್ತಿ ಬರುವುದು. ಇರಲಿ ಎಂದರೆ, ಕಾಯಿಲೆಯ ಮೈಯ ಹೆಪ್ಪನ್ನು ಬೇಗ ಬೆಳೆಸುವುದು ಹೇಗೆಂದು ಅದರಿಂದಲೇ ಕಲಿಯಬಹುದು. ಅನಂತಮತಿ ಕಾದು ಕಾದು ಹೋದಳು, ಮುಂದಿನವರು ಕಾಯಬೇಕಾಗುವುದಿಲ್ಲ.

ನನಗೆ ಒಂದೇ ಆಸೆ, ಅವಳು ಪೂರ್ತಿ ಬಿಡುಗಡೆಯಾಗಬೇಕು. ನಾಲಿಗೆಯ ತುದಿಯವರೆಗೆ ಸಾಕೆಂಬ ಮಾತು ಬಂತು. ಆಗ ಕೆನ್ನೆಯ ಮೇಲೆ ಅವಳ ಬೆರಳು ಹಿಂಡಿದ ನೆನಪಾಯಿತು. ಅಯ್ಯೋ, ಪಾಪ ಎಂದು ಉಪ್ಪಿನ ಮರಿಗೆ ತರಲು ಎದ್ದುಹೋದವಳನ್ನು ಹೇಗೆ ತಡೆದು ಕೂರಿಸಲಿ?

"ಇರಲಿ. ಕೆಲಸ ಮುಗಿದ ದಿನ ಕಸಕ್ಕೆ ಹಾಕಬೇಡಿ. ಹರಿಯೋ ನೀರಿಗೆ ಬಿಡಿ. ಒಬ್ಬರಾದರೂ ಕೈ ಮುಗೀರಿ" ಎಂದೆ.

ಕೆಲವು ದಿನಗಳ ಮೇಲೆ ಮತ್ತೆ ಫೋನು. ಹೆಪ್ಪು ಬೆಳೆಯುತ್ತಲೇ ಇಲ್ಲವಂತೆ. ಮಿಯಾಕೆ ಸೋಮನಾಥರ ಮೂಲಕ ತಡೆದು ತಡೆದು ಕೇಳಿದರು: ಸಮುದ್ರದಾಚೆಗೆ ನನ್ನೊಬ್ಬಳ ಸಪ್ಪೆ ಸಾಲದೇನೋ, ಪಥ್ಯ ತಾವೂ ಹಿಡಿಯಬಹುದೇ?

"ರೋಗಿ ಬಾಯಿಬಿಟ್ಟು ಕೇಳಬೇಕು ತಾಯಿ. ಅವಳಿಗೀಗ ಬಾಯಿಲ್ಲ. ಅವಳ ಬದಲು ನಾನು ಕೇಳ್ತಿದ್ದೀನಿ. ಹಿಡೀತೀಯಾ?"

ಸೋಮನಾಥರು ಕೇಳಿ ಹೇಳಿದರು. "ಹಿಡಿದೆ ಅಂತಾರೆ."

ಜಪಾನಿನವರಿಗೆ ಸೋಯಾ ಎಂಬ ಉಪ್ಪುಪ್ಪಾದ ರಸವಿಲ್ಲದೆ ತುತ್ತು ಇಳಿಯುವುದಿಲ್ಲವಂತೆ. ಆಕೆ ಅದನ್ನು ಬಿಟ್ಟರು. ಜೊತೆಯವರು ಏನು ವೈರಾಗ್ಯವೆಂದು ನಕ್ಕರಂತೆ. ಹೆಪ್ಪು ಮಾತ್ರ ಚಿಗುರಿತು.

ಈ ನಡುವೆ ಚಂದ್ರಪ್ಪನನ್ನು ಪೂರ್ತಿ ಗುಣವಾದನೆಂದು ಡಾಕ್ಟರು ಕಳಿಸಿಕೊಟ್ಟರು. ಅವನು ಡೋಲು ಬಡಿಸಿಕೊಂಡು ಖಾದರ್ ಸಾಹೇಬರ ಅಂಗಡಿಗೆ ಹೋಗಿ ಬಾಯಿಗೆ ಉಪ್ಪಿಟ್ಟ. "ಬೇಡಪ್ಪಾ, ಆ ಬಿರಿಯಾನಿ ತಿಂದ ಬಾಯಿದು" ಎಂದು ಸಾಹೇಬರು ನಾಚಿದರು. "ಬಿರಿಯಾನಿ ಮಾಫಿ. ಮೊದಲು ಹಿಡಿದಿದ್ದಕ್ಕೆ ಇದು" ಎಂದ ಚಂದ್ರಪ್ಪ. ನನಗೆ ಅದನ್ನು ನೋಡಿ ಸಂತೋಷವಾಯಿತು. ಮನೆಗೆ ಬಂದು ಅರೆ ಉಪ್ಪಿನ ಗಂಜಿ ಕುಡಿದೆ.

ಇಂದು ಬೆಳಿಗ್ಗೆ ಬಸದಿಯಿಂದ ಬಂದು ಕುಳಿತು ಮೊದಲ ಗುಟುಕು ಕುಡಿದವಳು ಕೆಮ್ಮಿದೆ. ಉಪ್ಪು ಬಂದಿತ್ತು, ಪೂರ್ತಿ ಬಂದಿತ್ತು. ಪೂರ್ತಿಗಿಂತಲೂ ಒಂದು ಹಿಡಿ ಹೆಚ್ಚೇ ಬಂದಿತ್ತು. ಆ ಕೈ ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. "ಸಮುದ್ರ ತವರಿನಿಂದ ತಂದೆಯೇನೇ?" ಎಂದು ಅವಳ ಬರಿಯ ಒಲೆಯನ್ನು ಕೇಳಿದೆ. ಲೋಟವನ್ನು ಕೆಳಗಿಡದೆ ಕೊನೆಯ ಹನಿಯವರೆಗೂ ಕುಡಿದೆ.

ಮುಗಿಸುವಷ್ಟರಲ್ಲಿ ಭರತೇಶ ಫೋನು ತಂದು ಕೈಗಿತ್ತ. ಸೋಮನಾಥರಲ್ಲ, ಮಿಯಾಕೆಯೇ. ಕೆಲಸ ಮುಗಿದಿದೆ, ಮುಂದಿನವರ ಹೆಪ್ಪು ಅರ್ಧ ಕಾಲದಲ್ಲಿ ಬೆಳೆಯುತ್ತದೆ, ಆಕೆ ಹೊಳೆಯ ದಡಕ್ಕೆ ಹೋಗಿ ಬಂದರು ಎಂಬುದೆಲ್ಲ ನನಗೆ ಸೋಮನಾಥರಿಂದ ಆಮೇಲೆ ತಿಳಿದದ್ದು. ಆಗ ಆಕೆ ಆಡಿದ್ದು ತನಗೆ ಬರುವ ಎರಡೇ ಕನ್ನಡ ಮಾತು.

"ಉಪ್ಪು ಬಂತು."

"ನನಗೂ ಬಂತು ತಾಯಿ" ಎಂದೆ. ಭಾಷೆ ತಿಳಿಯದ ಇಬ್ಬರೂ ಫೋನು ಹಿಡಿದುಕೊಂಡು ತೃಪ್ತಿಯಾಗುವಷ್ಟು ಅತ್ತೆವು.

ಈಗ ದೀಪ ಹಚ್ಚಿ ಸ್ವಾಮಿಯ ಮುಂದೆ ಕುಳಿತಿದ್ದೇನೆ. ಸ್ವಾಮೀ, ನನ್ನ ಅನಂತಿ ಈಗ ಪೂರ್ತಿಯಾಗಿ ಹೊರಟಿದ್ದಾಳೆ. ಉಪ್ಪನ್ನಾಗಲಿ, ಮಾತನ್ನಾಗಲಿ, ಪ್ರೀತಿಯನ್ನಾಗಲಿ ಅವಳು ಅಳೆದು ಹಾಕಿದವಳಲ್ಲ. ಕಾಣದ ಊರಿನವರಿಗಾಗಿ ಸಪ್ಪೆ ಉಂಡವಳು, ಗೊಣಗಿದ್ದನ್ನು ಮನ್ನಿಸು. ಅವಳು ಹೋದ ಕಡೆ ಹಸಿವು ಬಾರದಿರಲಿ, ನೋವು ಬಾರದಿರಲಿ, ಯಾವುದಕ್ಕೂ ಕಾಯುವ ಪಾಡು ಬಾರದಿರಲಿ. ಅವಳ ಆತ್ಮಕ್ಕೆ ಶಾಂತಿಯಾಗಲಿ, ಸದ್ಗತಿಯಾಗಲಿ.